ಕಡೇ ಗದ್ದೆಗೆ ನೀರು ಮುಟ್ಟದ ನಾಲೆ

ಕಂಡಕಂಡವರ ದನಿ ಅಣಕಿಸುತ್ತಿದ್ದ ನನ್ನ ಸಿಟ್ಟಿಗೆ ಊರಲ್ಲಿ ಬೆಲೆಯಿರಲಿಲ್ಲ. ನಿಜವಾಗಿ ರೇಗಿದರೂ, ಯಾರನ್ನೋ ಅಣಕಿಸುತ್ತಿದ್ದೇನೆಂದು ಜನ ನಗುತ್ತಿದ್ದರು. ಹಾಗಾಗಿ ಈ ಸಿಟ್ಟನ್ನು ಬರೆದೇ ತೀರಿಸಿಕೊಳ್ಳಬೇಕು.

ಎಪ್ಪತ್ತರ ದಶಕದ ಆರಂಭ. ಕೆ.ಆರ್. ನಗರದಲ್ಲಿ ಬೇಸಾಯದ ಪುಟ್ಟ ವಸ್ತುಸಂಗ್ರಹಾಲಯವೊಂದು ಏಳುತ್ತಿತ್ತು. ನೋಡಲು ಬಂದವರು ತಾವೇ ಕೈಯಾಡಿಸಿ ತಿಳಿಯುವಂಥ ನಾಲೆಯ ಮಾದರಿ ಮಾಡುವ ಕೆಲಸ ನಮ್ಮ ಮೂವರಿಗೆ ಬಿತ್ತು: ಡ್ರಾಯಿಂಗ್ ಮೇಷ್ಟ್ರು, ಒಬ್ಬ ಬಡಗಿ, ವಿವರಣೆ ಹೇಳಲು ನಾನು. ನನಗೆ ಬರುತ್ತಿದ್ದದ್ದು ಮಾತೊಂದೇ. ಸುತ್ತಿಗೆ ಕೊಟ್ಟರೆ ಮೊದಲ ಏಟು ನನ್ನ ಹೆಬ್ಬೆರಳಿಗೇ.

ಮೇಜಿನ ಮೇಲೆ ತಗಡಿನ ನಾಲೆ, ಅದರುದ್ದಕ್ಕೂ ಮಣ್ಣಿನ ಗದ್ದೆಗಳು, ಒಂದೊಂದಕ್ಕೂ ತಿರುಗಿಸುವ ಪುಟ್ಟ ತೂಬು. ನಾಲೆಯ ತಲೆಯ ಕಡೆ ಬಕೀಟಿನಿಂದ ಸುರಿದರೆ ನೀರು ಓಡುತ್ತಿತ್ತು. ಜನಕ್ಕೆ ಅರ್ಥವಾಗುತ್ತದೋ ನೋಡೋಣವೆಂದು ಸಂತೆಗೆ ಬಂದ ರೈತರನ್ನು ಕರೆದೆವು. ಬಂದರು, ಕೈ ಹಿಂದೆ ಕಟ್ಟಿ ನಿಂತರು. ಒಬ್ಬರೂ ತೂಬು ಮುಟ್ಟಲಿಲ್ಲ. ಹಿಡಿ ಚಿಕ್ಕದಾಯಿತೇನೋ ಎಂದು ಮುಂದಿನ ಸಂತೆಯೊಳಗೆ ಬಡಗಿ ದೊಡ್ಡ ಹಿಡಿ ಕೂರಿಸಿದ. ಮೇಷ್ಟ್ರು ಕೆಂಪು ಬಣ್ಣ ಬಳಿದರು. ಆಗಲೂ ಕೈಗಳು ಬೆನ್ನ ಹಿಂದೆಯೇ.

“ತಿರುಗ್ಸಿ ಯಜಮಾನ್ರೇ, ಯಾರೂ ಬೈಯಲ್ಲ,” ಎಂದೆ.

“ತೂಬು ಮುಟ್ಟೋದು ನೀರುಗಂಟಿ ಕೆಲ್ಸ ಕಣಪ್ಪ. ನಾವ್ ಮುಟ್ಟುದ್ರೆ ನಾಳೆ ಅವ್ನು ನಮ್ ಗದ್ದೆಗೆ ನೀರ್ ಬುಟ್ಟಾನಾ?” ಎಂದರು ನಾಲೆಯ ಕಟ್ಟಕಡೆಯಲ್ಲಿ ಗದ್ದೆಯಿದ್ದ ಒಬ್ಬ ಹಿರಿಯರು.

ಸರಿ, ಗದ್ದೆಗಳಿಗೆ ನೀರು ಹಂಚುವ ಆ ನೀರುಗಂಟಿ ನಾನೇ ಆದೆ. ಟವೆಲ್ಲು ತಲೆಗೆ ಸುತ್ತಿ, ಇಲ್ಲದ ಹೊಟ್ಟೆಯನ್ನು ಮುಂದೆ ತಳ್ಳಿ, ಅವನ ಗತ್ತಿನಲ್ಲೇ ಕೆಮ್ಮಿದೆ. “ಇವತ್ತು ನಾನು ರಜ ಕಣ್ರಲಾ. ಬೇಕಾದೋರು ಬುಟ್ಕಳಿ!”

ಜನ ಬಿದ್ದು ಬಿದ್ದು ನಕ್ಕರು. ನಾಲೆಯ ತಲೆಯ ಕಡೆ ಗದ್ದೆಯಿದ್ದ ರೈತನೊಬ್ಬ ಸರಕ್ಕನೆ ಮೊದಲ ತೂಬು ತೆರೆದು ಅದರ ಮೇಲೆ ಕೈಯೂರಿ ನಿಂತ. ನೀರೆಲ್ಲ ಅವನ ಗದ್ದೆಗೇ.

“ಮುಚ್ಚಲಾ! ನಿನ್ ಸರದಿ ಮುಗೀತು!” ಹಿರಿಯರು ಕೂಗಿದರು.

“ಇನ್ನೂ ನೆಂದಿಲ್ಲ, ಸುಮ್ಕಿರಣ್ಣ.”

“ಕೆರೆ ಆಗೈತೆ, ನೆಂದಿಲ್ವಂತೆ! ಕಪ್ಪೆ ಸಾಕ್ತೀಯೇನ್ಲಾ?”

ಮೇಷ್ಟ್ರ ಪಂಚೆ ನೆಂದಿತು. ಕಡೇ ಗದ್ದೆ ಮಾತ್ರ ನೆನೆಯಲಿಲ್ಲ. ಹಿರಿಯರು ಅದಕ್ಕೆ ಬೆರಳು ತೋರಿಸಿದರು. “ಇದೇ ಕಣ್ರೀ ನಮ್ ಪಾಡು! ನೀರಾವರಿ ಆಫೀಸಲ್ಲಿ ಎಷ್ಟು ಬಾಯ್ ಬಡ್ಕಂಡ್ರೂ ನಂಬಲ್ಲ. ಈ ಮ್ಯೂಸಿಯಂ ತೆರೆಯೋ ದಿನ ಬರೋ ದೊಡ್ಡೋರ ಕೈಲೇ ತೂಬು ತಿರುಗ್ಸಿ. ಕಣ್ಣಾರೆ ನೋಡ್ಲಿ.” ಮೇಷ್ಟ್ರು ಮಾತು ಕೊಟ್ಟರು.

ಸಂಗ್ರಹಾಲಯ ತೆರೆಯುವ ಹಿಂದಿನ ದಿನ ಅಲ್ಲಿನ ಅಧಿಕಾರಿ ಬಂದು, ನೀರು ಸುರಿಸಿ, ತಾವೇ ತೂಬುಗಳನ್ನೆಲ್ಲ ತಿರುಗಿಸಿದರು.

“ಕಡೆಗೆ ನೀರೇ ಹೋಗ್ತಿಲ್ಲವಲ್ರೀ? ಮಾದರಿ ಕೆಟ್ಟಿದೆ.”

“ಮಾದರಿ ಸರಿಯಾಗಿದೆ ಸಾರ್. ನಾಲೆಯೇ ಹಾಗೆ,” ಎಂದರು ಮೇಷ್ಟ್ರು.

“ಅಡಿಯಿಂದ ಒಂದು ಕೊಳವೆ ಎಳೆದು ಕಡೆಗೂ ನೀರು ಕೊಡಿ. ತೂಬುಗಳಿಗೆ ಮೊಳೆ ಹೊಡೀರಿ. ಜನ ನೋಡಿದರೆ ಸಾಕು.”

“ಸುಳ್ ತೂಬು ಮಾಡಕ್ಕೆ ನನ್ ಕೈಲಾಗಲ್ಲ ಬುದ್ಧಿ,” ಎಂದ ಬಡಗಿ. ನಾವಿಬ್ಬರೂ ಅವನ ಪಕ್ಕ ನಿಂತೆವು. ಸಂಜೆಯೊಳಗೆ ಮಾದರಿ ಉಗ್ರಾಣ ಸೇರಿತು. ಅದರ ಜಾಗದಲ್ಲಿ ಅಣೆಕಟ್ಟಿನ ಬಣ್ಣದ ಚಿತ್ರ ನಿಂತಿತು. ಮಾರನೆಯ ದಿನ ಬಂದ ದೊಡ್ಡವರು ಅದನ್ನು ನೋಡಿ ತಲೆದೂಗಿ, ಕಾಫಿ ಕುಡಿದು ಹೋದರು. ನನಗೆ ಮೈಯೆಲ್ಲ ಉರಿಯಿತು. ಕೆಟ್ಟಿದ್ದರೆ ರಿಪೇರಿ ಮಾಡುತ್ತಿದ್ದೆವಲ್ಲ! ಹಿಡಿ ಬದಲಿಸಿ, ಬಣ್ಣ ಬದಲಿಸಿ, ಜನರ ಬೆನ್ನ ಹಿಂದಿದ್ದ ಕೈಗಳನ್ನು ಮುಂದೆ ತಂದವರು ನಾವು. ಆ ಕೈಗಳೇ ಇವರಿಗೆ ಬೇಡವಾಗಿದ್ದವು.

ಮುಂದಿನ ಸಂತೆಗೆ ಹಿರಿಯರು ಗಾಡಿ ಕಟ್ಟಿಕೊಂಡು ನೆಂಟರಿಷ್ಟರನ್ನೆಲ್ಲ ಕರೆತಂದರು. “ಎಲ್ಲಪ್ಪ ನಮ್ ನಾಲೆ? ದೊಡ್ಡೋರು ನೋಡುದ್ರಾ?”

ನಾನು ನೆಟ್ಟಗೆ ಹೋಗಿ ಉಗ್ರಾಣದ ಬಾಗಿಲು ತೆಗೆದೆ, ಬಕೀಟು ತುಂಬಿ ತಂದು ನೀರು ಸುರಿಯತೊಡಗಿದೆ. ನೆಂಟರು ಒಂದೊಂದು ತೂಬಿಗೆ ಒಬ್ಬೊಬ್ಬರಂತೆ ನಿಂತರು, ಗದ್ದಲವೋ ಗದ್ದಲ. ಅದನ್ನು ಕೇಳಿಯೇ ಅಧಿಕಾರಿ ಓಡಿಬಂದರು.

“ಯಾರನ್ನು ಕೇಳಿ ತೆಗೆದೆಯೋ ಇದನ್ನ?”

ಹಿರಿಯರು ತಿರುಗಿಯೂ ನೋಡಲಿಲ್ಲ. “ಒಸಿ ತಡ್ಕಳಿ ಸ್ವಾಮಿ, ನಮ್ ಸರದಿ ಇನ್ನೂ ಬಂದಿಲ್ಲ.”

ಅಧಿಕಾರಿ ನನ್ನ ಕೈಯಿಂದ ಬಕೀಟು ಕಿತ್ತುಕೊಂಡರು. ಮೇಲಿನ ಗದ್ದೆಗಳು ತುಂಬಿ ತುಳುಕುತ್ತಿದ್ದವು. ಹಿರಿಯರು ಕಡೇ ತೂಬನ್ನು ಪೂರ್ತಿ ತೆರೆದು, ಬಗ್ಗಿ, ನಾಲೆಯನ್ನೇ ನೋಡುತ್ತ ಕಾಯುತ್ತಿದ್ದರು.