ಅನುಮಾನದ ಕಾಯಿ

ಜಬೀನ ಕೈಗೆ ಏನೇ ಸಿಕ್ಕರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಬೆಂಕಿಪೊಟ್ಟಣ, ಮಾತ್ರೆಯ ಡಬ್ಬಿ, ನನ್ನ ಮದುವೆಗೆ ಬಂದ ಉಡುಗೊರೆಗಳು, ಯಾವುದನ್ನೂ ಬಿಡಲಿಲ್ಲ. ತಿಪಟೂರಿನ ನಮ್ಮ ಬೀದಿಯ ಟೈಲರ್ ಮಗಳು. ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು. ಈ ಚಾಳಿ ಅವಳಿಗೆ ಅಂಟಿದ್ದು ನಮ್ಮ ಮನೆಯಲ್ಲಿ, ಅಟ್ಟದ ಮೇಲೆ ವರ್ಷವಿಡೀ ಒಣಗಿದ ತೆಂಗಿನಕಾಯಿ ಇಳಿಸುವಾಗ. ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು, ಆಗ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದು ಅರ್ಥ. ನೀರಿನ ಸದ್ದು ಬಂದರೆ ಇನ್ನೂ ಆಗಿಲ್ಲ. ಎರಡೂ ಅಲ್ಲದ ಕಾಯಿಗಳನ್ನು ಅಪ್ಪ ಹೇಗೋ ರಾಶಿಗೆ ಸೇರಿಸಲು ನೋಡುತ್ತಿದ್ದರು. ಇವಳು ಬಿಟ್ಟರೆ ತಾನೆ! "ಅನುಮಾನ ಬಂದ್ರೆ ಬ್ಯಾಡ, ಬುಡಿ" ಎಂದು ಬದಿಗೆ ಉರುಳಿಸುವಳು.

"ಇವಳನ್ನ ವ್ಯಾಪಾರಕ್ಕೆ ಕೂರ್ಸಿದ್ರೆ ಕೊಬ್ಬರಿ ಮಂಡಿ ಮುಚ್ಕೊಂಡು ಹೋಗ್ಬೇಕಾಯ್ತದೆ ಕಣಪ್ಪ" ಎಂದು ಅಪ್ಪ ನಗುತ್ತಿದ್ದರು.

ಓದಿ ಓದಿ ದೂರದ ಊರಿನ ದೊಡ್ಡ ಪ್ರಯೋಗಾಲಯ ಸೇರಿದಳು. ರಜಕ್ಕೆ ಬಂದಾಗ ನಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ತನ್ನ ಕೆಲಸ ಹೇಳುತ್ತಿದ್ದಳು. "ಪರಮಾಣುವಿನ ಬೀಜ ಇರ್ತದಲ್ಲ, ಭಾರದ್ದು, ಅದನ್ನ ಜೋರಾಗಿ ಓಡ್ಸಿ ತೆಳ್ಳನೆ ತಗಡಿಗೆ ಬಡೀತೀವಿ. ಒಡೆದು ಏನೇನೋ ತರದ ಚೂರಾಯ್ತದೆ. ನಮಗೆ ಬೇಕಾದ್ದು ಅದ್ರಲ್ಲಿ ಒಂದೇ ತರದ್ದು. ಅಯಸ್ಕಾಂತದಲ್ಲಿ ಬಗ್ಗಿಸಿ, ಸಣ್ಣ ಸಂದೀಲಿ ಅದೊಂದನ್ನೇ ಆಚೆ ಬುಡ್ತೀವಿ. ಕಣ್ಣು ಮಿಟುಕ್ಸೋದ್ರೊಳಗೆ ಸತ್ತೋಯ್ತದೆ. ಎಷ್ಟೊತ್ತು ಬದುಕ್ತು ಅಂತ ಅಳೀಬೇಕು."

"ಅಷ್ಟು ಬೇಗ ಸಾಯೋದನ್ನ ನೆಮ್ಮದಿಯಾಗಿ ಸಾಯೋಕೆ ಬುಡಬಾರ್ದೇನೇ?" ಎಂದೆ.

"ನಿನ್ನ ಮೂಗುತಿ ಚಿನ್ನ ಎಲ್ಲಿಂದ ಬಂತು ಅಂದ್ಕೊಂಡಿದ್ದೀಯ? ಆಕಾಶದಲ್ಲಿ ಇಂಥವು ಹುಟ್ಟಿ ಸತ್ತೇ ಚಿನ್ನ ಆಗಿದ್ದು ಕಣೇ" ಎಂದಳು. ಆ ದಿನ ಮೂಗುತಿಯನ್ನು ಕನ್ನಡಿಯಲ್ಲಿ ನೋಡಿಕೊಂಡೆ, ಸುಳ್ಳೇಕೆ ಹೇಳಲಿ.

ಯಾರೂ ಅಳೆಯದ ಅಂಥದ್ದೊಂದು ಬೀಜದ ಹಿಂದೆ ಅವಳ ಅರ್ಧ ಆಯುಷ್ಯ ಹೋಯಿತು. ಮದುವೆಯ ಮಾತೆತ್ತಿದರೆ "ನನ್ನ ಸರದಿ ಬರ್ಲಿ" ಎನ್ನುತ್ತಿದ್ದಳು. ಸರದಿ ಎಂದರೆ ಆ ಯಂತ್ರದ ಸರದಿ. ಎಷ್ಟೋ ವರ್ಷ ಕಾದ ಮೇಲೆ ಕೆಲವೇ ದಿನಗಳ ಮಟ್ಟಿಗೆ ಅದು ಬಂತು. ಸಂದಿಯನ್ನು ಅಗಲ ಮಾಡಿದರೆ ಬೇಕಾದದ್ದು ಹೆಚ್ಚು ಬರುತ್ತದೆ, ಬೇಡದ್ದೂ ಜೊತೆಗೆ ನುಗ್ಗುತ್ತದೆ. ಜೊತೆಯವರು ಅಗಲ ಮಾಡೋಣ, ಆಮೇಲೆ ಜರಡಿ ಹಿಡಿಯೋಣ ಎಂದರಂತೆ. ಇವಳು ಒಪ್ಪಲಿಲ್ಲ. ಅನುಮಾನ ಬಂದರೆ ಬೇಡ. ಸಂದಿ ಕಿರಿದಾಗಿಯೇ ಇತ್ತು, ಬಂದದ್ದೆಲ್ಲ ಅಪ್ಪಟ, ಆದರೆ ಬೆರಳೆಣಿಕೆಯಷ್ಟು. ಅಷ್ಟರಿಂದ ಆಯುಸ್ಸು ಹೇಳಲಾಗುವುದಿಲ್ಲವಂತೆ. ಸರದಿ ಮುಗಿಯಿತು. ಆ ಯಂತ್ರವನ್ನೂ ಬಿಚ್ಚಿ ಹೊಸದು ಕಟ್ಟಲು ಹೊರಟರು. ಅದು ಏಳುವ ಹೊತ್ತಿಗೆ ಇವಳಿಗೆ ನಿವೃತ್ತಿ.

ಆಮೇಲೆ ಒಂದೇ ಸಲ ಬಂದಿದ್ದಳು. ಅಟ್ಟದ ಕಾಯಿ ಇಳಿಸುತ್ತಿದ್ದೆವು. ಅವಳ ಹಳೆಯ ಜಾಗದಲ್ಲೇ ಕೂತಳು, ಯಾವುದನ್ನೂ ಮುಟ್ಟಲಿಲ್ಲ.

"ಒಂಚೂರು ಅಗಲ ಮಾಡಿದ್ದಿದ್ರೆ ಆಗೋದು ಕಣೇ" ಎಂದಳು.

ಊರಿಗೆ ಒಯ್ಯಲು ಎರಡು ಕಾಯಿ ಆರಿಸಿಕೋ ಎಂದೆ. ಬೇಕೆಂದೇ ಒಂದು ನೀರುಕಾಯಿಯನ್ನು ಅವಳ ಕೈಗಿಟ್ಟೆ, ಬೈದಾದರೂ ಬೈಯಲಿ ಎಂದು. ಅವಳು ಕಿವಿಗೆ ಹಿಡಿಯಲಿಲ್ಲ. ಹಾಗೇ ಚೀಲಕ್ಕೆ ಹಾಕಿಕೊಂಡು, "ಯಾವ್ದಾದ್ರೂ ಆಯ್ತದೆ ಬುಡು, ಎಲ್ಲಾ ಒಂದೇ" ಎಂದಳು. ಅವಳು ಬಸ್ಸು ಹತ್ತಿದ ಮೇಲೆ ಬಿಕ್ಕಿ ಬಿಕ್ಕಿ ಅತ್ತೆ.

ಮುಂದಿನ ವರ್ಷ ಅಟ್ಟದ ಕಾಯಿ ಇಳಿಸುವ ಮೊದಲೇ ಅವಳು ಹೋದಳು. ನಿದ್ದೆಯಲ್ಲಿ ಹೃದಯ ನಿಂತಿತಂತೆ. ಈಗ ಕಾಯಿ ಆರಿಸುವಾಗ ಅನುಮಾನದವನ್ನು ಬದಿಗೆ ಉರುಳಿಸಲು ನನಗೆ ಕೈ ಬರುವುದಿಲ್ಲ. "ಇದೇನ್ರೀ ಅಮ್ಮಾ, ಹಸೀದೆಲ್ಲಾ ಸೇರ್ಸಿದ್ದೀರಿ" ಎಂದು ಮಂಡಿಯವನು ಗೊಣಗುತ್ತಾನೆ. ಗೊಣಗಲಿ ಬಿಡಿ, ಎಲ್ಲವನ್ನೂ ರಾಶಿಗೇ ಹಾಕುತ್ತೇನೆ.