ಶೆಡ್ಡಿನಲ್ಲಿ ಒಂದೇ ಜಾಗ

ಎದುರುಮನೆ ಅಮ್ಮನ ಉಗುರುಗಳು ಸದಾ ಹಳದಿ, ಕೈಯಲ್ಲಿ ಕರ್ಪೂರದ ಘಾಟು. ಹಣೆಯ ಮೇಲೆ ಮೂರೆಳೆ ವಿಭೂತಿ ಬೇರೆ. ಮಧುಗಿರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಪಾಪ, ತುಂಬಾ ಪೂಜೆ ಮಾಡುವವರು ಎಂದುಕೊಂಡಿದ್ದೆ. ಆ ಅರಿಶಿನ, ಕೊಬ್ಬರಿಎಣ್ಣೆಯಲ್ಲಿ ಕರಗಿಸಿದ ಆ ಕರ್ಪೂರ, ಎಲ್ಲವೂ ಬೀದಿನಾಯಿಗಳ ಗಾಯದಿಂದ ಹುಳು ತೆಗೆಯುವುದಕ್ಕೆ ಎಂದು ಆಮೇಲೆ ಗೊತ್ತಾಯಿತು.

ನಾಯಿಗಳೆಂದರೆ ಅವರಿಗೆ ಪ್ರೀತಿಯಿರಬೇಕು ಎಂದುಕೊಂಡೆ. ಅದೂ ಅಲ್ಲ. ಅವರು ಒಂದನ್ನಾದರೂ ಮುದ್ದು ಮಾಡಿದ್ದು, ಹೆಸರಿಟ್ಟು ಕರೆದದ್ದು ನಾನು ಕಾಣೆ. "ಥೂ, ಮುಂಡೇದೆ, ಅಲ್ಲಾಡ್ಬೇಡ!" ಎಂದು ಬೈಯುತ್ತಲೇ ಔಷಧಿ ಹಾಕುವರು. ವಾಸಿಯಾದದ್ದು ಬಾಲ ಆಡಿಸಿಕೊಂಡು ಹತ್ತಿರ ಬಂದರೆ ಸೆರಗು ಎಳೆದುಕೊಂಡು ದೂರ ಸರಿಯುವರು.

ಅವರ ಸೊಸೆ ಮನೆಯೊಳಗೆ ನಾಯಿ ಬೇಡವೆಂದಿದ್ದಳು. "ಕಾನ್ವೆಂಟಮ್ಮ, ನಿಮ್ ಸ್ಕೂಟರ್ ಶೆಡ್ಡು ಖಾಲಿ ಐತಲ್ಲ?" ಎಂದು ಒಂದು ದಿನ ನಮ್ಮ ಗೇಟಿಗೆ ಬಂದರು. ಕಾನ್ವೆಂಟಿನಲ್ಲಿ ಓದಿದವಳೆಂದು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. ಇಲ್ಲ ಎನ್ನಲಾಗಲಿಲ್ಲ. ಅಲ್ಲಿದ್ದದ್ದು ಒಂದು ನಾಯಿ ಮಲಗುವಷ್ಟು ಜಾಗ.

ಬಸ್‌ಸ್ಟ್ಯಾಂಡಿನಿಂದ ಒಂದು ಕಂದು ಹೆಣ್ಣುನಾಯಿ ಬಂತು. ಕಣ್ಣಿನ ಗೂಡಿನಲ್ಲೇ ಹುಳು. ಉಸಿರಿದೆಯೋ ಇಲ್ಲವೋ ತಿಳಿಯದು. ಪಶು ಆಸ್ಪತ್ರೆಯ ಡಾಕ್ಟರು ಡ್ರಿಪ್ ಹಾಕಿ, ಬಾಟಲಿಯನ್ನು ಬಟ್ಟೆ ಒಣಹಾಕುವ ತಂತಿಗೆ ಕಟ್ಟಿದರು. ನಾನು ಸಿರಿಂಜಿನಲ್ಲಿ ರಾಗಿಗಂಜಿ ಕುಡಿಸಿದೆ. ಒಂದು ಕಣ್ಣು ಹೋಯಿತು, ಜೀವ ಉಳಿಯಿತು. ನನ್ನ ಚಪ್ಪಲಿ ಸದ್ದಿಗೇ ಕಿವಿ ನಿಮಿರಿಸುತ್ತಿತ್ತು.

ಗಾಯ ಒಣಗಿದ ದಿನವೇ ಅದನ್ನು ಬಸ್‌ಸ್ಟ್ಯಾಂಡಿಗೆ ವಾಪಸ್ ಬಿಡಲು ಅಮ್ಮ ಆಟೋ ಕರೆಸಿದರು.

"ಒಂಟಿಕಣ್ಣಿಂದು ಅಮ್ಮ, ಯಾವ್ದಾದ್ರೂ ಬಸ್ಸಿಗೆ ಸಿಕ್ಕೀತು. ಇಲ್ಲೇ ಇರ್ಲಿ," ಎಂದೆ.

"ಇಟ್ಕಳವ್ವ, ಯಾರು ಬ್ಯಾಡ ಅಂದ್ರು? ಬೈಪಾಸ್ ತಾವ ಒಂದು ಸೊಂಟ ಮುರ್ಕಂಡು ಬಿದ್ದೈತೆ. ಅದನ್ನೇನು ನಿನ್ ತಲೆ ಮ್ಯಾಲೆ ಮಲಗಿಸ್ಲಾ?"

ನಾನೇ ಅದನ್ನು ಎತ್ತಿ ಆಟೋದಲ್ಲಿ ಕೂರಿಸಿದೆ. ಅದೇ ಆಟೋದಲ್ಲಿ ಬಂದ ಸೊಂಟ ಮುರಿದ ನಾಯಿ ಸಂಜೆಗೇ ಸತ್ತಿತು. ಹಾಗಾದರೆ ನನ್ನದನ್ನು ಕಳಿಸಿದ್ದು ಯಾತಕ್ಕೆ? ಕೇಳಿಯೇಬಿಟ್ಟೆ.

"ಯಾವ್ದು ಬದುಕ್ತದೆ, ಯಾವ್ದು ಸಾಯ್ತದೆ ಅಂತ ನಂಗೇನು ಕನ್ಸು ಬಿದ್ದಿತ್ತೇನೆ?" ಎಂದವರೇ ಶೆಡ್ಡಿಗೆ ಫಿನಾಯಿಲು ಸುರಿದರು. ಮುಖ ತಿರುಗಿಸಿಕೊಂಡಿದ್ದರು, ಕೋಪವೋ, ಅಳುವೋ, ಈಗಲೂ ಹೇಳಲಾರೆ.

ತರಕಾರಿಗೆ ಹೋದಾಗ ಒಂದೆರಡು ಸಲ ಒಂಟಿಕಣ್ಣಿನದು ಟೀ ಅಂಗಡಿ ಬೆಂಚಿನ ಕೆಳಗೆ ಕಂಡಿತ್ತು. ಆಮೇಲೆ ಕಾಣಲಿಲ್ಲ.

ಹೋದ ಶ್ರಾವಣದಲ್ಲಿ ಅಮ್ಮ ಲಿಂಗೈಕ್ಯರಾದರು. ಈಗ ಜನ ನಾಯಿಗಳನ್ನು ನಮ್ಮ ಗೇಟಿಗೇ ತಂದುಬಿಡುತ್ತಾರೆ. ಇವತ್ತು ಬೆಳಿಗ್ಗೆ ಕೊಳಾಲದಿಂದ ಫೋನು: ರಕ್ತಭೇದಿಯಾಗುತ್ತಿರುವ ಮರಿಯೊಂದನ್ನು ತರುತ್ತಿದ್ದಾರಂತೆ. ಶೆಡ್ಡಿನಲ್ಲಿದ್ದ ಕರಿನಾಯಿಗೆ ವಾಸಿಯಾಗಿತ್ತು. ಆಟೋಗೆ ಹತ್ತಿಸಿದೆ.

"ಎಲ್ ಬುಡ್ಲಿ ಅಕ್ಕ?" ಆಟೋದವನು ಕೇಳಿದ.

"ಕೋರ್ಟಿನ ಹಿಂದೆ. ಅದು ಸಿಕ್ಕಿದ್ದು ಅಲ್ಲೇ."

ಆಟೋ ಸ್ಟಾರ್ಟ್ ಮಾಡಿದವನು ಹೊರಡಲೇ ಇಲ್ಲ. "ಕಂಬಿಯಿಂದ ಕೈ ತಗೀರಿ ಅಕ್ಕ," ಎಂದ.

ತೆಗೆದೆ. ಇದು ಸರಿಯೇ ಎಂದು ಕೇಳಿ ಬೈಸಿಕೊಳ್ಳಲು ಎದುರುಮನೆಯಲ್ಲಿ ಅವರಿಲ್ಲ.