ಬತ್ತಲಿ ಎಂದು ಬೇಡಿದ ಹಾಲು

ನಮ್ಮವ್ವನ ಎದೆಯ ಹಾಲು ಬತ್ತಿಹೋಗಲಿ ಎಂದು ನಾನು ಮೊಣಕಾಲೂರಿ ದೇವರನ್ನು ಬೇಡಿಕೊಂಡೆ. ಒಂದು ಸಲ ಅಲ್ಲ, ದಿನಾ ಬೇಡಿಕೊಂಡೆ. ಆತನು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಈಗ ಸ್ತೋತ್ರ ಹೇಳಬೇಕೆಂದು ಈ ಸಾಕ್ಷಿ ಬರೆಯುತ್ತಿದ್ದೇನೆ. ಸಭೆಯಲ್ಲಿ ಎದ್ದು ನಿಂತು ಹೇಳಮ್ಮ ಎಂದು ಸಭಾಪಾಲಕರು ಕರೆದಿದ್ದರು. ಆದರೆ ಗಂಡಸರು ಕೂತಲ್ಲಿ ಎದೆಹಾಲಿನ ಮಾತು ಹೇಗೆ ಆಡಲಿ? ಅದಕ್ಕೆ ಬರೆಯುವುದೇ ವಾಸಿ ಎಂದುಕೊಂಡೆ. ನಾಚಿಕೆ ಬರುವ ಗಂಡಸರು ಬೇಕಾದರೆ ಇದನ್ನು ಹೆಂಡತಿಯ ಕೈಗೆ ಕೊಟ್ಟು ಎದ್ದು ಹೋಗಲಿ.

ನನ್ನ ಹೆಸರು ರೂತ. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕಶಾಪಿನ ಭೋಂಗಾ ಕಿವಿಗೆ ಬೀಳುವಷ್ಟು ಹತ್ತಿರದ ಒಂದು ಕ್ರೈಸ್ತರ ಓಣಿಯಲ್ಲಿ ನಮ್ಮ ಮನೆ. ಅಪ್ಪ ಆ ವರ್ಕಶಾಪಿನಲ್ಲೇ ಬಡಿಗ. ನಾನು ಮಿಶನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುವ ಅಕ್ಕೋರು. ನನ್ನ ಬೆನ್ನಿಗೆ ಹುಟ್ಟಿದವರು ಯಾರೂ ಇರಲಿಲ್ಲ. ನನಗೆ ಗಂಡು ನೋಡುವ ಮಾತು ನಡೆದಿದ್ದ ವರ್ಷ ಅವ್ವ ಮತ್ತೆ ಬಸುರಾದಳು. ಓಣಿಯ ಹೆಂಗಸರು ಬಿಟ್ಟಾರೆಯೇ? ಮುಪ್ಪಿನಲ್ಲಿ ಹಡೆದ ಅಬ್ರಹಾಮನ ಹೆಂಡತಿ ಸಾರಳನ್ನು ನೆನೆದು, "ಸರೀರೆವಾ, ನಮ್ಮ ಸಾರಮ್ಮಗ ಮೊದಲ ನೀರು ಬಿಡ್ರಿ" ಎಂದು ನಳದ ಹತ್ತಿರ ಕಾಡಿಸುತ್ತಿದ್ದರು. ಅವ್ವ ನಾಚಿ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದುಬಿಡುತ್ತಿದ್ದಳು. ನನಗೂ ಮೊದಮೊದಲು ಮುಜುಗರವೇ. ಆದರೆ ಚಳಿಗಾಲದ ಕೊನೆಗೆ ಗಂಡು ಕೂಸು ಹುಟ್ಟಿ, ಅದು ನನ್ನ ಕಿರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡ ದಿನ ಆ ಮುಜುಗರವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ನಮ್ಮ ಅಜ್ಜಿಯ ಕಾಲದಿಂದ ಮನೆಯಲ್ಲಿ ಒಂದು ರೂಢಿಯಿದೆ. ಕೂಸಿಗೆ ಹೆಸರು ಆರಿಸುವವಳು ತಾಯಿ. ದೀಕ್ಷಾಸ್ನಾನದ ದಿನ ಅವಳು ಆ ಹೆಸರನ್ನು ಸಭಾಪಾಲಕರ ಕಿವಿಯಲ್ಲಿ ಹೇಳುತ್ತಾಳೆ. ಅವರು ಕೂಸಿನ ತಲೆಗೆ ನೀರು ಹಾಕಿ ಕರೆದ ಮೇಲೆಯೇ ಉಳಿದವರಿಗೆಲ್ಲ ಗೊತ್ತಾಗಬೇಕು. ಅಲ್ಲಿಯವರೆಗೆ ಗಂಡನ ಮುಂದೆಯೂ ಹೇಳುವಂತಿಲ್ಲ, ಬರೀ "ಕೂಸು" ಎನ್ನಬೇಕು. ಈಸ್ಟರ್ ಹಬ್ಬದ ದಿನ ದೀಕ್ಷಾಸ್ನಾನ ಎಂದು ಗೊತ್ತಾಗಿತ್ತು. ಬಿಳಿ ಅಂಗಿ ನಾನು ಹೊಲಿದೆ. ಕೊರಳಿನ ಸುತ್ತ ಕಸೂತಿ ಹಾಕುತ್ತ, "ಏನ ಹೆಸರವಾ, ನನಗರ ಹೇಳು" ಎಂದು ಕೇಳಿದರೆ ಅವ್ವ, "ಅಷ್ಟು ಅವಸರ ಇದ್ರ ನೀನೂ ಒಂದು ಹಡಿ" ಎಂದು ನಗುತ್ತಿದ್ದಳು.

ಹಬ್ಬದ ಹಿಂದಿನ ವಾರ ಕೂಸಿಗೆ ನೆಗಡಿಯಾಯಿತು. ಬಿಸಿಲುಗಾಲದ ನೆಗಡಿ ಎಂದು ಬಿಟ್ಟೆವು. ಮರುದಿನ ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಗುಣಿ ಬೀಳಹತ್ತಿತು. ಟಾಂಗಾ ಮಾಡಿಕೊಂಡು ದವಾಖಾನೆಗೆ ಒಯ್ದೆವು. ಡಾಕ್ಟರರು ಎದೆಗೆ ನಳಿಗೆ ಹಚ್ಚಿ ನೋಡಿ, ನಳಿಗೆ ತೆಗೆದು, ಅಪ್ಪನನ್ನು ಹೊರಗೆ ಕರೆದರು. ಸಂಜೆ ಅದೇ ದಾರಿಯಲ್ಲಿ ಟಾಂಗಾದಲ್ಲಿ ವಾಪಸು ಬಂದೆವು. ಅವ್ವ ಕೂಸಿನ ಮುಖಕ್ಕೆ ಬಿಸಿಲು ಬೀಳದ ಹಾಗೆ ಸೆರಗು ಹಿಡಿದುಕೊಂಡೇ ಇದ್ದಳು. ಬಿಸಿಲು ಬಿದ್ದರೂ ಅದಕ್ಕೇನೂ ಆಗುವ ಹಾಗಿರಲಿಲ್ಲ, ಆದರೆ ಯಾರೂ ಹಾಗೆ ಹೇಳಲಿಲ್ಲ.

ಯುದ್ಧದ ಕೆಲಸವೆಂದು ವರ್ಕಶಾಪಿನಲ್ಲಿ ಹಗಲಿರುಳು ದುಡಿಸುತ್ತಿದ್ದ ದಿನಗಳು ಅವು. ಅಪ್ಪ ತೊಟ್ಟಿಲಿಗೆಂದು ತಂದಿಟ್ಟಿದ್ದ ಸಾಗವಾನಿ ಹಲಗೆಗೆ ಕೈ ಹಚ್ಚಲು ಪುರಸೊತ್ತು ಆಗಿರಲಿಲ್ಲ. ಆ ಹಲಗೆಯಲ್ಲೇ ಪೆಟ್ಟಿಗೆ ಮಾಡಿದ. ಕಸೂತಿಯ ಅಂಗಿ ಕೂಸಿನ ಜೊತೆಗೇ ಮಣ್ಣಿಗೆ ಹೋಯಿತು. ಮಿಕ್ಕ ತುಂಡಿನಿಂದ ಒಂದು ಸಣ್ಣ ಶಿಲುಬೆ ಮಾಡಿದ. ಉಳಿ ಹಿಡಿದುಕೊಂಡು ಹೆಸರು ಕೆತ್ತಬೇಕೆಂದು ಅವ್ವನ ಮುಂದೆ ಬಂದು ನಿಂತ. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಅಪ್ಪ ಹಾಗೇ ತಿರುಗಿ ಹೋದ. ಸ್ಮಶಾನದಲ್ಲಿ ನೆಟ್ಟ ಶಿಲುಬೆಯ ಮೇಲೆ ಏನೂ ಇರಲಿಲ್ಲ.

ಸಭಾಪಾಲಕರು ಸಮಾಧಾನ ಹೇಳಲು ಬಂದರು. ಒಳ್ಳೆಯ ಮನುಷ್ಯರು, ಅವರ ಕಣ್ಣೂ ತುಂಬಿತ್ತು. "ಮಾರ್ಥವ್ವ, ದೇವರು ಕೂಸನ್ನ ತನ್ನ ಕಡೆ ಕರಕೊಂಡಾನ್ರಿ" ಎಂದರು.

ಅವ್ವ ತಲೆ ಎತ್ತಿದಳು. "ಏನಂತ ಕರದಾನ್ರಿ? ಹೆಸರಿಲ್ಲದ ಕೂಸನ್ನ ಏನಂತ ಕರದಾನ?"

ಅವರು ಪ್ರಾರ್ಥನೆ ಮಾಡಿ ಎದ್ದರು. ಆ ಮಾತಿನ ನಂತರ ಅವ್ವ ಬಾಯಿ ತೆರೆಯಲಿಲ್ಲ.

ಹಬ್ಬದ ಬೆಳಿಗ್ಗೆ ಗಂಟೆ ಬಾರಿಸಿದರು, ಕರ್ತನು ಎದ್ದಿದ್ದಾನೆಂದು ಹಾಡು ಶುರುವಾಯಿತು. ನಾನೂ ಅಪ್ಪನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಅವ್ವ ಬರಲಿಲ್ಲ. ಆಮೇಲೆ ಸಂಜೆಯ ಮನೆಪ್ರಾರ್ಥನೆಗೂ ಕೂಡಲಿಲ್ಲ. ರೊಟ್ಟಿ ಮುರಿದು ತಾಟಿನಲ್ಲಿಟ್ಟರೆ ಮುಟ್ಟುತ್ತಿರಲಿಲ್ಲ. ಮಜ್ಜಿಗೆ ಬಾಯಿಗೆ ಹಿಡಿದರೆ ಎರಡು ಗುಟುಕು ಕುಡಿದು ಕೈ ಅಡ್ಡ ಮಾಡುತ್ತಿದ್ದಳು. ಕೆನ್ನೆ ಒಳಗೆ ಹೋಯಿತು, ಬಳೆ ಮೊಣಕೈವರೆಗೆ ಸರಿದಾಡಿದವು. ನಾನು ಒಬ್ಬರ ಬೆನ್ನಿಗೆ ಇನ್ನೊಬ್ಬರಂತೆ ಇಬ್ಬರನ್ನೂ ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆ ನನಗೆ ಹತ್ತಿತು.

ಆದರೆ ಹಾಲು ಮಾತ್ರ ನಿಲ್ಲಲಿಲ್ಲ. ಉಣ್ಣದವಳಿಗೆ ಅದು ಎಲ್ಲಿಂದ ಬರುತ್ತಿತ್ತೋ ದೇವರೇ ಬಲ್ಲ. ಎದೆ ಕಲ್ಲಾಗಿ, ಜ್ವರ ಬಂದು, ಹಾಸಿಗೆ ತೋಯುತ್ತಿತ್ತು. ಹೊರಗೆ ಯಾರ ಮನೆಯ ಕೂಸೋ ಅತ್ತರೆ ಅವ್ವನ ಕುಪ್ಪಸ ತಾನಾಗಿ ಒದ್ದೆಯಾಗುತ್ತಿತ್ತು. ಆಗ ಅವಳು ಮಂಡಿಯ ನಡುವೆ ಮುಖ ಹುದುಗಿಸಿಕೊಳ್ಳುತ್ತಿದ್ದಳು. ಪಕ್ಕದ ಮನೆಯವಳು ಹೇಳಿದಳು, "ಮಲ್ಲಿಗಿ ಮೊಗ್ಗ ಎದಿಗೆ ಇಟ್ಟು ಬಿಗ್ಯಾಗಿ ಕಟ್ಟು. ಹಾಲು ಹಿಂಗತಾವ." ನಮ್ಮ ಕಡೆ ಹೆಂಗಸರಿಗೆಲ್ಲ ಗೊತ್ತಿದ್ದ ಮದ್ದು ಅದು.

ಅಂದಿನಿಂದ ಹೂವಿನ ಗಂಗವ್ವನ ಹತ್ತಿರ ದಿನಾ ಬಿಡಿ ಮೊಗ್ಗು ಕೊಳ್ಳಹತ್ತಿದೆ. ನಸುಕಿನಲ್ಲಿ ಅವಳ ಬುಟ್ಟಿ ನಮ್ಮ ಓಣಿಗೆ ಬರುತ್ತಿತ್ತು. ಬಿಸಿಲುಗಾಲದ ಮುಂಜಾನೆಯ ಶಾಲೆಗೆ ಹೋಗುವ ಮೊದಲು ಅವ್ವನಿಗೆ ಕಟ್ಟಿ ಹೋಗುತ್ತಿದ್ದೆ, ಸಂಜೆ ಬಿಚ್ಚುತ್ತಿದ್ದೆ. ಮೊಗ್ಗು ಬೆಂದು ಹಳದಿಯಾಗಿರುತ್ತಿದ್ದವು. ಹಾಲು, ಬೆವರು, ಮಲ್ಲಿಗೆ ಕೂಡಿದ ಆ ವಾಸನೆ ಇಂದಿಗೂ ನನ್ನ ಮೂಗಿನಿಂದ ಹೋಗಿಲ್ಲ. ಬಿಚ್ಚಿದ ಮೇಲೆ ಅಡುಗೆಮನೆಯಲ್ಲಿ ಮೊಣಕಾಲೂರಿ, "ಕರ್ತನೇ, ಬೇರೇನೂ ಬೇಡ, ಈ ಹಾಲು ಬತ್ತಿಸು. ಅವ್ವ ಆ ಕೂಸನ್ನು ಮರೆಯಲಿ, ಉಂಡು ಬದುಕಲಿ" ಎಂದು ಬೇಡುತ್ತಿದ್ದೆ. ಮರುದಿನ ಹಾಸಿಗೆ ಮತ್ತೆ ಒದ್ದೆ.

ಶಾಲೆಯಲ್ಲಿ ಆಗ ಪ್ರಾರ್ಥನೆಯ ಪಾಠ ನಡೆದಿತ್ತು. ಒಂದು ಸಣ್ಣ ಹುಡುಗಿ ಎದ್ದು, "ಅಕ್ಕೋರ, ನಾವು ಸಣ್ಣ ದನ್ಯಾಗ ಬೇಡಿದ್ರೂ ದೇವರಿಗೆ ಕೇಳಸ್ತೈತ್ರಿ?" ಎಂದಳು. "ಕೇಳಸ್ತೈತಿ, ಕುಂದರು" ಎಂದೆ. ನನ್ನ ಧ್ವನಿ ಅಷ್ಟು ಒರಟಾಗಿತ್ತು, ಪಾಪ, ಹುಡುಗಿ ಅಳುವಂತಾದಳು. ನನಗೆ ದೇವರ ಮೇಲೆ ಸಿಟ್ಟು ಬಂದಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಒಂದು ಮುಂಜಾನೆ ಗಂಗವ್ವ ಬುಟ್ಟಿ ಇಳಿಸಿದಳು, ಆದರೆ ಮೇಲಿನ ಒದ್ದೆ ಬಟ್ಟೆ ತೆಗೆಯಲಿಲ್ಲ.

"ಇನ್ನೂ ನಿಂತಿಲ್ಲೇನು?" ಎಂದಳು.

"ಏನು?"

"ಹಾಲು. ಸತ್ತ ಮನ್ಯಾಗ ಮಾಲಿ ಬ್ಯಾಡ, ಬಿಡಿ ಮೊಗ್ಗ ಬೇಕಂದಾಗನ ತಿಳೀತವಾ ನನಗ. ನಾನೂ ಹಡದಾಕಿ, ಕಳಕೊಂಡಾಕಿ." ಬಾಗಿಲಿನಿಂದ ಒಳಗೆ ಇಣುಕಿ ಧ್ವನಿ ಇಳಿಸಿದಳು. "ಹಳೇ ಹುಬ್ಬಳ್ಳ್ಯಾಗ ಕಲಾಯಿ ಇಮಾಮಸಾಬ ಅಂತ ಅದಾನ. ಅವನ ಹೇಣ್ತಿ ಹಡದು ತೀರಿಕೊಂಡ್ಳು. ಹೆಣ್ಣ ಕೂಸು. ಆಡಿನ ಹಾಲು ಹಾಕಿದ್ರ ಕಾರಿಕೊಳ್ಳಾಕತ್ತೈತಿ, ಇವತ್ತೋ ನಾಳೆನೋ ಅನ್ನೂಹಂಗ ಆಗೇತಿ. ಅದರ ಅಜ್ಜಿ ಕೈಲೆ ಕೂಸನ್ನ ತರಸಲೇನು?"

"ಬ್ಯಾಡ" ಎಂದೆ. "ಇನ್ನೊಂದು ಕೂಸಿನ ಮಾರಿ ನೋಡಿದ್ರ ನಮ್ಮವ್ವ ಉಳಿಯೂದಿಲ್ಲ. ಹೂ ಕೊಡು."

"ಇವತ್ತ ಹೂ ಇಲ್ಲ ನಿನಗ" ಎಂದವಳೇ ತುಂಬಿದ ಬುಟ್ಟಿಯನ್ನು ತಲೆಗೇರಿಸಿಕೊಂಡು ಹೋಗಿಬಿಟ್ಟಳು. ಹಿಂದಿನ ದಿನದ ಬಾಡಿದ ಮೊಗ್ಗುಗಳನ್ನೇ ಅವ್ವನಿಗೆ ಕಟ್ಟಿ, ಗಂಗವ್ವನನ್ನು ಬೈಯುತ್ತಲೇ ಶಾಲೆಗೆ ಹೋದೆ.

ಮಧ್ಯಾಹ್ನ ನಾನು ತಿರುಗಿ ಬರುವುದಕ್ಕೂ ಗಂಗವ್ವ ಒಬ್ಬ ಮುದುಕಿಯನ್ನು ಕರೆತರುವುದಕ್ಕೂ ಸರಿಹೋಯಿತು. ಮುದುಕಿ ಇಮಾಮಸಾಬನ ತಾಯಿ, ಹೆಸರು ಹುಸೇನಬಿ. ಅವಳ ತೋಳಲ್ಲಿ ಹಳೆಯ ಸೀರೆಯ ತುಂಡಿನ ಗಂಟು. ಅದರಲ್ಲಿ ಕೂಸು ಇದೆ ಎಂದು ಹೇಳಿದರೆ ಮಾತ್ರ ನಂಬಬೇಕು, ಅಷ್ಟು ಸಣ್ಣದು. ನಾನು ಹೊಸ್ತಿಲಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತೆ. ಹುಸೇನಬಿ ಬಿಸಿಲಲ್ಲೇ ನಿಂತಳು. ಅಷ್ಟರಲ್ಲಿ ಗಂಟಿನೊಳಗಿಂದ ದನಿ ಬಂತು. ಅಳು ಎನ್ನುವಂತಿರಲಿಲ್ಲ, ಬೆಕ್ಕಿನ ಮರಿಯ ದನಿ.

ಹಿಂದೆ ಏನೋ ಸಪ್ಪಳವಾಯಿತು. ತಿರುಗಿ ನೋಡಿದೆ. ಎಷ್ಟೋ ದಿನಗಳಿಂದ ಹಾಸಿಗೆ ಬಿಟ್ಟು ಏಳದ ಅವ್ವ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಎದೆಗೆ ಬಿಗಿದ ಬಟ್ಟೆಯನ್ನು ಒಂದು ಕೈಯಿಂದ ಬಿಚ್ಚುತ್ತಿದ್ದಳು. ಹಳದಿಯಾದ ಮೊಗ್ಗು ನೆಲದ ತುಂಬ ಉದುರುತ್ತಿದ್ದವು. ಕುಪ್ಪಸದಿಂದ ಹಾಲು ಹೊಟ್ಟೆಯ ಮೇಲೆ ಇಳಿಯುತ್ತಿತ್ತು.

"ಇತ್ತ ತಾ" ಎಂದಳು.

ಹುಸೇನಬಿ ಅಳುಕಿದಳು. "ಬೇಟಿ, ನಾವು ಮುಸಲರ ಮಂದಿ."

"ಕೂಸು ಹಸದೈತಿ. ತಾ ಇತ್ತ."

ನಾನು ಕೈ ಇಳಿಸಿದೆ. ಕೂಸಿಗೆ ಮೊದಲು ಚೀಪಲೂ ಶಕ್ತಿ ಇರಲಿಲ್ಲ. ಅವ್ವ ಹನಿ ಹನಿಯಾಗಿ ತುಟಿಗೆ ಹಿಂಡಿದಳು. ಬಹಳ ಹೊತ್ತಿನ ಮೇಲೆ ಅದು ನುಂಗಿದ ಸಪ್ಪಳ ಕೇಳಿತು. ಹುಸೇನಬಿ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳು, ಗಂಗವ್ವನೂ ಅತ್ತಳು. ಅವ್ವ ಅಳಲಿಲ್ಲ. ಕೂಸು ಮಲಗಿದ ಮೇಲೆ ನನ್ನ ಕಡೆ ನೋಡಿ, "ರೊಟ್ಟಿ ಇದ್ರ ಕೊಡು" ಎಂದಳು. ನಾನು ಅಡುಗೆಮನೆಗೆ ಹೋಗಿ, ದಿನಾ ಮೊಣಕಾಲೂರುತ್ತಿದ್ದ ಜಾಗದಲ್ಲೇ ಕುಸಿದೆ. ನನ್ನ ಪ್ರಾರ್ಥನೆಯನ್ನು ಆತನು ನಡೆಸಿಕೊಟ್ಟಿದ್ದರೆ ಆ ಕೂಸು ಅಂದು ಏನು ಕುಡಿಯಬೇಕಿತ್ತು?

ಸಾಕ್ಷಿಯನ್ನು ಇಲ್ಲಿಗೆ ಮುಗಿಸಿ ಸ್ತೋತ್ರ ಹೇಳಿದರೆ ಓದಲು ಹಿತವಾಗಿರುತ್ತದೆ. ಆದರೆ ಖರೇ ಹೇಳಬೇಕಲ್ಲ, ನಮ್ಮ ಮನೆಯ ಕತ್ತಲೆ ಅಷ್ಟು ಲಗೂ ಹೋಗಲಿಲ್ಲ. ಕೂಸಿನ ಹೆಸರು ಮಹಬೂಬಿ. ಅದು ನಮ್ಮಲ್ಲೇ ಉಳಿಯಿತು, ಅಜ್ಜಿ ದಿನಾ ಹಳೇ ಹುಬ್ಬಳ್ಳಿಯಿಂದ ನಡೆದು ಬಂದು ಹಗಲೆಲ್ಲ ಕೂಡುತ್ತಿದ್ದಳು. "ನಮ್ಮಾಗ ಹಾಲ ಕೊಟ್ಟಾಕಿ ಹಡದ ತಾಯಿಗೆ ಸಮ" ಎಂದು ಅವ್ವನಿಗೆ ಹೇಳುತ್ತಿದ್ದಳು. ಅದರ ಅಪ್ಪ ಇಮಾಮಸಾಬ ಬಂದಾಗ ತಲೆ ತಗ್ಗಿಸಿಕೊಂಡು ಅಂಗಳದಲ್ಲಿ ಒಲೆ ಹೂಡಿ, ನಮ್ಮ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿ, ಕೂಸನ್ನು ದೂರದಿಂದ ನೋಡಿ ಹೋಗುತ್ತಿದ್ದ. ಸಭೆಯಲ್ಲಿ ಕೆಲವರು ಗೊಣಗಿದರು, ಕ್ರೈಸ್ತಳ ಹಾಲು ಬೇರೆ ಧರ್ಮದ ಕೂಸಿಗೆ ಹೇಗೆ ಎಂದು. ಆಡಿನ ಹಾಲು ಕುಡಿಸುವಾಗ ಆಡು ಯಾವ ಸಭೆಯದು ಎಂದು ಕೇಳಿದವರಿಲ್ಲ.

ಅವ್ವ ಉಣ್ಣುತ್ತಿದ್ದಳು, ಕೂಸಿಗೆ ಹಾಲು ಬೇಕಲ್ಲ ಎಂದು. ಅಗತ್ಯವಿದ್ದಷ್ಟು ಮಾತನ್ನೂ ಆಡುತ್ತಿದ್ದಳು. ಆದರೆ ದೇವಾಲಯಕ್ಕೆ ಬರಲಿಲ್ಲ. ಸಂಜೆ ನಾವಿಬ್ಬರು ಪ್ರಾರ್ಥನೆಗೆ ಕೂತರೆ ಕೂಸನ್ನೆತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಸತ್ತ ಮಗನ ಮಾತು ಎತ್ತಲೇ ಇಲ್ಲ. ಅಪ್ಪ ಒಬ್ಬನೇ ಸ್ಮಶಾನಕ್ಕೆ ಹೋಗಿ ಹೆಸರಿಲ್ಲದ ಶಿಲುಬೆಗೆ ಎಣ್ಣೆ ಸವರಿ ಬರುತ್ತಿದ್ದ. ಮಳೆಗಾಲ, ಚಳಿಗಾಲ ಹಾಗೇ ಹೋದವು.

ಮತ್ತೆ ಮಲ್ಲಿಗೆಯ ದಿನ ಬಂದವು. ಮಹಬೂಬಿ ಹೆಜ್ಜೆ ಇಡುತ್ತಿದ್ದಳು, ರೊಟ್ಟಿಯ ಚೂರು ಚೀಪುತ್ತಿದ್ದಳು. ಇಮಾಮಸಾಬನಿಗೆ ಗದಗಿನಲ್ಲಿ ಅಣ್ಣನ ಅಂಗಡಿಯಲ್ಲಿ ಕೆಲಸ ಗೊತ್ತಾಗಿ, ತಾಯಿಯನ್ನೂ ಕೂಸನ್ನೂ ಕರೆದೊಯ್ಯಲು ಬಂದ. ಇದು ಒಂದಿನ ಬರುವುದೇ ಎಂದು ನಮಗೆಲ್ಲ ಗೊತ್ತಿತ್ತು. ಅವ್ವ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಕಾಡಿಗೆ ಇಟ್ಟು, ತಾನೇ ಎತ್ತಿ ಅಜ್ಜಿಯ ಕೈಯಲ್ಲಿ ಕೊಟ್ಟಳು. ಆ ಸಮಾಧಾನ ನೋಡಿ ನನಗೆ ಹೆದರಿಕೆಯಾಯಿತು. ಈಗ ಮತ್ತೆ ಗೋಡೆಯ ಕಡೆ ಮುಖ ಮಾಡುತ್ತಾಳೆ ಎಂದುಕೊಂಡೆ.

ಹುಸೇನಬಿ ಹೊಸ್ತಿಲು ದಾಟುವ ಮೊದಲು ನಿಂತಳು. "ಬೇಟಿ, ಒಂದು ಮಾತು. ತೀರಿಕೊಂಡವರ ಸಲವಾಗಿ ನಾವು ದುವಾ ಬೇಡ್ತೇವಿ. ನನ್ನ ಸೊಸಿ ಹೆಸರು ತಗೊಂಡು ಬೇಡಿದಾಗೊಮ್ಮೆ ನಿನ್ನ ಕೂಸಿನ ಹೆಸರೂ ತಗೋಬೇಕಂತೇನಿ. ಅದರ ಪಾಲಿನ ಹಾಲು ಕುಡದಾಳ ನನ್ನ ಮೊಮ್ಮಗಳು. ಏನ ಹೆಸರು ಅದರದು?"

ನಮ್ಮಲ್ಲಿ ಯಾರೂ ಇಷ್ಟು ದಿನ ಕೇಳಲು ಧೈರ್ಯ ಮಾಡದ ಮಾತು. ಅಪ್ಪ ಅಂಗಳದಲ್ಲಿ ನಿಂತಿದ್ದ. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಸಮುವೇಲ" ಎಂದಳು.

ಹುಸೇನಬಿ ಅದನ್ನು ತನ್ನ ಬಾಯಲ್ಲಿ ಒಮ್ಮೆ ಹೇಳಿ ನೋಡಿದಳು, ಮರೆಯಬಾರದೆಂದು. "ಸಮುವೇಲ." ಅವ್ವ ಕುಸಿದು ಕೂತು ಅತ್ತಳು. ಕೂಸನ್ನು ಮಣ್ಣಿಗೆ ಕೊಟ್ಟಾಗ ಬಾರದ ಅಳು, ವರ್ಷ ಕಳೆದ ಮೇಲೆ ಬಂತು. ಹೊರಗೆ ಟಾಂಗಾ ಸ್ಟೇಶನ್ನಿಗೆ ಹೊರಟಿತು. ಅದರ ಸಪ್ಪಳ ಕೇಳದಂತಾಗುವವರೆಗೂ ಅತ್ತಳು.

ಅಂದು ಸಂಜೆ ಪ್ರಾರ್ಥನೆಗೆ ಚಾಪೆ ಹಾಸಿದಾಗ ಅವ್ವ ತಾನಾಗಿ ಬಂದು ಕೂತಳು. ಅಪ್ಪ ಪ್ರಾರ್ಥನೆ ಶುರು ಮಾಡಿ, ನಡುವೆಯೇ ನಿಲ್ಲಿಸಿದ. ಅವ್ವ ಮುಂದುವರಿಸಿದಳು. "ಕರ್ತನೇ, ಸಮುವೇಲ ನಿನ್ನ ಕಡೆ ಅದಾನ. ಮಹಬೂಬಿ ದಾರ್‍ಯಾಗ ಅದಾಳ. ಇಬ್ಬರನ್ನೂ ಹೆಸರ ಹಿಡದು ಕರಿ." ಅಷ್ಟೇ ಹೇಳಿದಳು.

ಪ್ರಿಯರೇ, ನಮ್ಮ ತಮ್ಮ ತಿರುಗಿ ಬರಲಿಲ್ಲ. ಗದಗಿಗೆ ಹೋದ ಕೂಸೂ ನಮ್ಮದಲ್ಲ. ಮನೆ ಈಗಲೂ ಬಿಕೋ ಎನ್ನುತ್ತದೆ, ನಾನು ಮಲ್ಲಿಗೆ ಮುಡಿಯುವುದಿಲ್ಲ. ಆದರೆ ನನ್ನ ಅವ್ವನನ್ನು ನನಗೆ ಉಳಿಸಿಕೊಟ್ಟ ದೇವರಿಗೆ ನಾನು ಬದುಕಿರುವವರೆಗೆ ಋಣಿ. ಬೇಡಿದ್ದು ಸಿಗದೆ ಸಿಟ್ಟಾದವರು ಯಾರಾದರೂ ಇದನ್ನು ಓದುತ್ತಿದ್ದರೆ, ನನ್ನ ಹಾಗೆ ಸಿಟ್ಟಾಗಿಯೇ ಇರಿ, ಆದರೆ ಬೇಡುವುದನ್ನು ಬಿಡಬೇಡಿ.

ಈ ವರ್ಷದ ಈಸ್ಟರ್ ಬೆಳಿಗ್ಗೆ ಅವ್ವ ನಮ್ಮ ಜೊತೆ ದೇವಾಲಯಕ್ಕೆ ಬಂದಳು. ಆರಾಧನೆ ಮುಗಿದ ಮೇಲೆ ಮೂವರೂ ಸ್ಮಶಾನಕ್ಕೆ ಹೋದೆವು. ಅಪ್ಪ ಚೀಲದಿಂದ ಉಳಿ, ಕೊಡತಿ ತೆಗೆದ. ಅವ್ವ ಒಂದೊಂದೇ ಅಕ್ಷರ ಹೇಳಿದಳು, ಅವನು ಕೆತ್ತಿದ.